ಗದ್ದುಗೆಯ ಮೇಲೆ ಸ್ಯಾಂಡ್‌ವಿಚ್

ಚಳಿಗಾಲ ಮುಗಿದು ದಪ್ಪ ಕೋಟುಗಳನ್ನೆಲ್ಲ ಒಗೆದು ಒಳಗಿಡುವ ದಿನ ಅಮೆರಿಕದ ಈ ಮನೆಯಲ್ಲಿ ಒಂದು ಸಣ್ಣ ಹಬ್ಬ. ಯಾರ ಜೇಬಿನಲ್ಲಿ ಏನು ಸಿಗುತ್ತದೆ ಎಂದು ಮೊಮ್ಮಗಳು ಇಂಚರಾ ಕಾದಿರುತ್ತಾಳೆ. ಸಿಕ್ಕಿದ್ದೆಲ್ಲ ತನ್ನದು ಎಂಬುದು ಅವಳೇ ಮಾಡಿಕೊಂಡ ಕಾನೂನು. ಈ ಸಲ ಅವಳಪ್ಪನ ಜೇಬಿನಲ್ಲಿ ಮುದ್ದೆಯಾದ ಟಿಶ್ಯೂ ಸಿಕ್ಕಿತು, ಅಮ್ಮನ ಜೇಬಿನಲ್ಲಿ ಒಂದೇ ಕೈಯ ಗ್ಲೌಸ್. ನನ್ನ ಉದ್ದನೆಯ ನೀಲಿ ಕೋಟಿನಲ್ಲಿ ಕೈ ಹಾಕಿದವಳು ಬಿಳಿಯ ತುಂಡೊಂದನ್ನು ಹೊರಗೆ ತೆಗೆದು ಮೂಸಿ ನೋಡಿದಳು.

"ಅಜ್ಜಿ, ಇಸ್ ದಿಸ್ ಚಾಕ್?"

"ಅಲ್ಲವಾ, ಅದು ವಿಭೂತಿ ಗಟ್ಟಿ."

"ಕೋಟಲ್ಲಿ ಯಾಕಿದೆ?"

ಸೊಸೆ ಸ್ಮಿತಾ ವಾಷಿಂಗ್ ಮೆಷೀನಿನ ಬಾಗಿಲು ಹಿಡಿದುಕೊಂಡೇ ನಕ್ಕಳು. "ಅಯ್ಯೋ ಅತ್ತೆ, ಇದು ಒಳಗೆ ಹೋಗಿದ್ದಿದ್ರೆ ನಮ್ಮೆಲ್ಲರ ಕೋಟಿಗೂ ಒಂದೇ ಸಲ ವಿಭೂತಿ ಧಾರಣೆ ಆಗಿಬಿಡ್ತಿತ್ತು!"

ನಾನೂ ನಕ್ಕೆ. ಆದರೆ ಯಾಕೆ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನಾಲ್ಕು ಜನ ನನ್ನ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಂಚರಾ, ನಿನಗೂ ನೇಪರ್‌ವಿಲ್ಲಿನ ನನ್ನ ಅವಳಿ ಮೊಮ್ಮಕ್ಕಳಿಗೂ. ಓದಲು ಬಾರದ ಕಡೆ ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿಕೊಳ್ಳಿ. ಅವರಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ಚಾಕ್ ಎಂದು ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಹಾವೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಶಾಲೆಗೆ ಬೇರೆ ಕಟ್ಟಡವಿರಲಿಲ್ಲ. ಮಠದ ಪಡಸಾಲೆಯೇ ಶಾಲೆ. ಚಾಕ್‌ಪೀಸು ಮುಗಿದಾಗಲೆಲ್ಲ ಮಾಸ್ತರರು ನಮ್ಮಲ್ಲೊಬ್ಬರನ್ನು ಒಳಗೆ ಕಳಿಸಿ ಸ್ವಾಮಿಗಳಿಂದ ವಿಭೂತಿ ಗಟ್ಟಿ ತರಿಸುತ್ತಿದ್ದರು. ಹಲಗೆಯ ಮೇಲೆ ಅದು ಚಾಕಿಗಿಂತ ಚೆನ್ನಾಗಿ ಮೂಡುತ್ತಿತ್ತು. ತೊಂದರೆ ಬಂದದ್ದು ಅಳಿಸುವಾಗ. ವಿಭೂತಿಯಲ್ಲಿ ಬರೆದದ್ದನ್ನು ಕಾಲೊರೆಸುವ ಬಟ್ಟೆಯಿಂದ ಒರೆಸುವುದು ಹೇಗೆ? ಯಾರೂ ಮುಂದೆ ಬರಲಿಲ್ಲ. ಒಂದು ಭಾಗಾಕಾರದ ಲೆಕ್ಕ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಹಲಗೆಯ ಮೇಲೆ ಹಾಗೇ ಉಳಿಯಿತು. ದಾಟುವಾಗ ಕೆಲವರು ಅದಕ್ಕೆ ಕೈ ಮುಗಿದು ಹೋಗುತ್ತಿದ್ದರು. ನಾನೂ ಮುಗಿಯುತ್ತಿದ್ದೆ. ಇವತ್ತಿಗೂ ಭಾಗಾಕಾರವೆಂದರೆ ನನಗೆ ಭಯ ಹೆಚ್ಚೋ ಭಕ್ತಿ ಹೆಚ್ಚೋ ಹೇಳಲಾರೆ.

ಆ ಪಡಸಾಲೆಯ ಹಿಂದಿನ ಕೋಣೆಯಲ್ಲೇ ಗದ್ದುಗೆ ಇತ್ತು. ಗದ್ದುಗೆ ಎಂದರೆ ಏನೆಂದು ನಿಮಗೆ ಹೇಳಬೇಕು. ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಅದೂ ಮಲಗಿಸಿ ಅಲ್ಲ. ಚಕ್ಕಳ ಮಕ್ಕಳ ಹಾಕಿ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು, ಪೂಜೆಗೆ ಕೂತವರ ಹಾಗೆ ಮಣ್ಣಿಗೆ ಕೊಡುತ್ತಾರೆ. ದೊಡ್ಡ ಸ್ವಾಮಿಗಳಾದರೆ ಆ ಜಾಗದ ಮೇಲೆ ಎದೆಯೆತ್ತರದ ಕಲ್ಲಿನ ಕಟ್ಟೆ ಕಟ್ಟಿ ಪೂಜೆ ಮಾಡುತ್ತಾರೆ. ಅದು ಗದ್ದುಗೆ. ನಮ್ಮಂಥವರಿಗೆ ಹೊಲದ ಬದುವಿನಲ್ಲಿ ಮೊಣಕಾಲೆತ್ತರದ ಮಣ್ಣಿನ ದಿಬ್ಬ ಸಾಕು. ನನ್ನ ಅಜ್ಜಿ ನಮ್ಮ ಜೋಳದ ಹೊಲದ ಬದುವಿನಲ್ಲಿ ಕೂತಿದ್ದಾಳೆ. ಸಣ್ಣವಳಿದ್ದಾಗ ಅವಳು ಹಕ್ಕಿ ಕಾಯಲು ಕೂತಿದ್ದಾಳೆಂದೇ ನಾನು ತಿಳಿದಿದ್ದೆ. ನೇಗಿಲು ಹೊಡೆಯುವವರು ಅಲ್ಲಿಗೆ ಬಂದಾಗ ಎತ್ತುಗಳನ್ನು ಸುತ್ತಿಸಿಕೊಂಡು ಹೋಗುತ್ತಿದ್ದರು, ಕೂತವರ ಮುಂದೆ ಹಾಯುವಾಗ ನಾವು ಸರಿದು ಹೋಗುವುದಿಲ್ಲವೇ, ಹಾಗೆ.

ಈಗ ನಿಮ್ಮ ಅಜ್ಜನ ವಿಷಯಕ್ಕೆ ಬರುತ್ತೇನೆ.

ನಿಮ್ಮ ಅಜ್ಜ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ನೀವು ನೋಡುವ ಹೊತ್ತಿಗೆ ಅವರು ಸೋಫಾದ ಒಂದು ಮೂಲೆ ಹಿಡಿದ ಮುದುಕರು. ನಾನು ಕಂಡ ಮನುಷ್ಯ ಕೂತದ್ದೇ ಕಡಿಮೆ. ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಮನೆಗೆ ಬಂದರೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಚಹಾ ಕುಡಿಯುತ್ತಿದ್ದರು. "ಸ್ವಲ್ಪ ಕುಂದರ್ರೀ" ಎಂದರೆ ಒಂದೇ ಉತ್ತರ.

"ಕಂಡಕ್ಟರ್ ಆದವ ಕುಂತ್ರ ಬಸ್ ಹೊಂಡತೈತೇನು? ಸತ್ತ ಮ್ಯಾಲೆ ನಮ್ಮ ಮಂದಿ ಹ್ಯಾಂಗೂ ಕುಂದ್ರಸ್ತಾರ. ಅವಸರ ಏನೈತಿ?"

ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ.

ಅಮೆರಿಕಕ್ಕೆ ಬಂದ ಮೇಲೂ ಅವರೊಳಗಿನ ಕಂಡಕ್ಟರ್ ರಿಟೈರ್ ಆಗಲಿಲ್ಲ. ಬಸು, ಅಂದರೆ ನಿನ್ನ ಅಪ್ಪ, ಕಾರಿನಲ್ಲಿ ನಮ್ಮನ್ನು ನೇಪರ್‌ವಿಲ್ಲಿಗೆ ಕರೆದುಕೊಂಡು ಹೋಗುವಾಗ ಪ್ರತಿ ಎಕ್ಸಿಟ್ ಬಂದಾಗಲೂ ಮುಂದಿನ ಸೀಟಿನಿಂದ ಮೆಲ್ಲಗೆ "ಯಾರ್ರೀ ಇಳಿಯವ್ರು?" ಎನ್ನುತ್ತಿದ್ದರು. ಅವಳಿಗಳೇ, ನಿಮ್ಮ ಮನೆ ಮುಟ್ಟುವ ಹೊತ್ತಿಗೆ ಮಿಚಿಗನ್, ಇಂಡಿಯಾನಾ, ಇಲಿನಾಯ್ ಮೂರೂ ರಾಜ್ಯದವರನ್ನು ಅವರು ಇಳಿಸಿರುತ್ತಿದ್ದರು. ಅವರಿಗೆ ಬಸ್ಸಿನಲ್ಲಿ ಆಗದಿದ್ದ ಒಂದೇ ಸಂಗತಿ ಟವೆಲ್. ನಮ್ಮ ಕಡೆ ಬಸ್ಸು ಬಂದು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರೆ. ಇವರು ಆ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಈ ಪ್ಯಾಸೆಂಜರಿಗೆ ಟಿಕೀಟು ಯಾರು ತಗೋತೀರಿ?" ಎಂದು ಇಡೀ ಬಸ್ಸನ್ನು ನಗಿಸುತ್ತಿದ್ದರು. ಬಸುರಿಯದೋ ಮುದುಕಿಯದೋ ಎಂದು ಗೊತ್ತಾದರೆ ಮಾತ್ರ ಸದ್ದಿಲ್ಲದೆ ಇದ್ದಲ್ಲೇ ಇಟ್ಟು, ಅವರು ಹತ್ತುವವರೆಗೆ ತಾವೇ ಆ ಸೀಟಿನ ಪಕ್ಕ ನಿಂತು ಕಾಯುತ್ತಿದ್ದರು.

ಅವರು ಹೋದದ್ದು ಜನವರಿಯಲ್ಲಿ, ಇಲ್ಲಿ ವಿಕ್ಸಮ್‌ನಲ್ಲಿ. ನೆಲ ಕಬ್ಬಿಣವಾಗಿತ್ತು. ಅಗೆಯುವ ಮೊದಲು ನೆಲದ ಮೇಲೆ ತಗಡಿನ ಮುಚ್ಚಳ ಹಾಕಿ, ಒಳಗೆ ಉರಿ ಹಚ್ಚಿ ಮಣ್ಣಿಗೆ ಕಾವು ಕೊಟ್ಟರು. ಅಂತ್ಯಕ್ರಿಯೆ ನಡೆಸಿಕೊಡುವ ಕಚೇರಿಯವರು ಒಳ್ಳೆಯವರು. ಬಸು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆದರೆ ಇಲ್ಲಿ ನೆಲದೊಳಗೆ ಸಿಮೆಂಟಿನ ಪೆಟ್ಟಿಗೆ ಇಳಿಸಬೇಕು, ಆ ಪೆಟ್ಟಿಗೆಯ ಅಳತೆ ಮಲಗಿದವರ ಅಳತೆ. ಬಸು ಹೊರಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅವ್ವಾ, ಕುಂದ್ರಸಾಕ ಆಗಂಗಿಲ್ಲಂತ. ಏನ್ ಮಾಡೂಣು?"

"ಆಗಲೆಪ್ಪಾ" ಎಂದೆ.

ಪಕ್ಕದ ಊರು ನೋವೈ ಕಡೆಯಿಂದ ಬಂದಿದ್ದ ನಮ್ಮ ಸಮಾಜದವರು ವಚನ ಹೇಳಿದರು. ಅಂಗೈಯಲ್ಲಿ ಲಿಂಗವನ್ನಿಟ್ಟರು. ಜೀವನವೆಲ್ಲ ನಿಂತ ಮನುಷ್ಯ, ಕೂಡುವ ಸರದಿ ಬಂದಾಗ ಅಂಗಾತ ಮಲಗಿ ಹೋದರು. ನಾನು "ಆಗಲೆಪ್ಪಾ" ಎಂದಿದ್ದೆನಲ್ಲ, ಆ ಮಾತು ಎಲ್ಲಿಯೂ ಇಳಿಯದೆ ಗಂಟಲಲ್ಲೇ ನಿಂತಿತು.

ಸ್ಮಶಾನ ನಮ್ಮ ಬಡಾವಣೆಯ ಹಿಂದೆಯೇ ಇದೆ. ಸಣ್ಣದೊಂದು ಮರದ ಚರ್ಚು, ಅದರ ಅಂಗಳದಲ್ಲಿ ಹಳೆಯ ಗೋರಿಗಳು, ಹಿಂದೆ ಇಳಿಜಾರಿನಲ್ಲಿ ಹೊಸ ಭಾಗ. ಹೊಸ ಭಾಗದಲ್ಲಿ ನಿಮ್ಮ ಅಜ್ಜನ ತಲೆಯ ಬಳಿ ಒಂದು ಕಬ್ಬಿಣದ ಕಡ್ಡಿಗೆ ಹೆಸರಿನ ಚೀಟಿ ಸಿಕ್ಕಿಸಿದ್ದರು, ಕಲ್ಲು ಬರುವವರೆಗೆ ಎಂದು. ಕಲ್ಲು ಬರಲಿಲ್ಲ. ಅದಕ್ಕೆ ನಾನೇ ಕಾರಣ.

ಮೊದಲ ಬೇಸಿಗೆಯಲ್ಲೇ ಬಸು ಕಲ್ಲಿನ ಅಂಗಡಿಯ ಚಿತ್ರಗಳ ಪುಸ್ತಕ ತಂದು ನನ್ನ ಮುಂದೆ ಹರಡಿದ್ದ. "ಅವ್ವಾ, ಎರಡು ಜಾಗ ತಗೊಂಡೀವಿ. ಇಲ್ಲಿ ಗಂಡನ ಹೆಸರಿನ ಬಾಜೂಕ ಹೆಂಡತಿ ಹೆಸರೂ ಈಗ ಕೆತ್ತಸ್ತಾರ. ತಾರೀಖಿನ ಜಾಗ ಖಾಲಿ ಬಿಡ್ತಾರ. ನೀ ಹೂಂ ಅಂದ್ರ ಆರ್ಡರ್ ಕೊಡ್ತೀನಿ."

"ನೋಡೂಣು" ಎಂದೆ.

ಬದುಕಿದ್ದಾಗಲೇ ಕಲ್ಲಿನ ಮೇಲೆ ಹೆಸರು! ಅದೂ ಇರಲಿ. ಹೂಂ ಎಂದರೆ, ಹೊಲದ ಬದುವಿನಲ್ಲಿ ಕೂತ ನಮ್ಮವರ ಸಾಲು ಬಿಟ್ಟು ಇಲ್ಲಿಯೇ ಇರುತ್ತೇನೆ ಎಂದು ಒಪ್ಪಿದ ಹಾಗೆ. ಬೇಡ ಎಂದರೆ, ಅವರನ್ನೊಬ್ಬರನ್ನೇ ಈ ಹಿಮದ ನೆಲದಲ್ಲಿ ಬಿಟ್ಟ ಹಾಗೆ. ಇನ್ನು ಆ ಪುಸ್ತಕದಲ್ಲಿ ಬಸು ಗುರುತು ಹಾಕಿದ್ದ ಕಲ್ಲು ನೆಲಕ್ಕೆ ಅಂಟಿದ ಚಪ್ಪಟೆ ಕಲ್ಲು. ಮಲಗಿದವರ ಮೇಲೆ ಮಲಗಿದ ಕಲ್ಲು. ಅದನ್ನೊಮ್ಮೆ ಹಾಕಿಬಿಟ್ಟರೆ ಅವರು ಮಲಗಿದ್ದು ಖಾಯಂ ಆಗಿಬಿಡುತ್ತದೆ ಎನ್ನಿಸಿತು. ಹೀಗೆಲ್ಲ ಹೇಳಿದರೆ ಇಂಜಿನಿಯರ್ ಮಗ ಏನು ಮಾಡುತ್ತಾನೆ? ಹೇಳಲಿಲ್ಲ. ಸ್ಮಿತಾ ಆಗಾಗ ನೆನಪಿಸುತ್ತಿದ್ದಳು, "ಅತ್ತೆ, ಕಲ್ಲಿನವ್ರು ಮತ್ತೆ ಫೋನ್ ಮಾಡಿದ್ರು." ನಾನು ಆಗಾಗ "ನೋಡೂಣು" ಎನ್ನುತ್ತಿದ್ದೆ. ಹೀಗೆ ಒಂದು ವರ್ಷ ಹೋಗಿ ಇನ್ನೊಂದು ಚಳಿಗಾಲ ಬಂತು.

ಆ ಚಳಿಗಾಲದ ಮೊದಲ ದಿನಗಳಲ್ಲೇ ನನಗೆ ಗದ್ದುಗೆ ಕಂಡದ್ದು.

ಹೊಸ ಭಾಗಕ್ಕೆ ಹೋಗಿ ಬರುವುದಷ್ಟೇ ನನ್ನ ರೂಢಿ. ಹಳೆಯ ಗೋರಿಗಳ ಕಡೆ ತಲೆ ಎತ್ತುತ್ತಿರಲಿಲ್ಲ, ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಗುತ್ತದೆಂದು. ಒಂದು ದಿನ ದಾರಿಯ ಮೇಲೆ ಕೆನಡಾ ಬಾತುಗಳ ಹಿಂಡು ಕೂತಿತ್ತು. ಅವುಗಳಿಗೆ ನಾನು ಹೆದರುತ್ತೇನೆ, ಅವಕ್ಕೂ ಅದು ಗೊತ್ತು. ತಪ್ಪಿಸಿಕೊಳ್ಳಲು ಚರ್ಚಿನ ಅಂಗಳಕ್ಕೆ ನುಗ್ಗಿದೆ. ಎಷ್ಟು ಚೆಂದದ ಕಲ್ಲುಗಳು! ಒಂದರಲ್ಲಿ ಜೋಲು ಬಿದ್ದ ಮರ, ಒಂದರಲ್ಲಿ ಮೇಲೆ ತೋರಿಸುವ ಬೆರಳು, ಒಂದರಲ್ಲಿ ಗಲ್ಲ ಉಬ್ಬಿಸಿದ ಮಗುವಿನ ಮುಖಕ್ಕೆ ಎರಡು ರೆಕ್ಕೆ. ಮಳೆ ಹಿಮ ತಿಂದು ಮಗುವಿನ ಮೂಗು ಸವೆದಿತ್ತು. ಅವುಗಳ ನಡುವೆ ಅದು ಇತ್ತು. ನಾಲ್ಕು ಕಡೆ ಚಪ್ಪಡಿ, ಮೇಲೊಂದು ದಪ್ಪ ಚಪ್ಪಡಿ, ಬದಿಯಲ್ಲಿ ತೆನೆಯ ಸಿವುಡಿನ ಕೆತ್ತನೆ, ಕೂತ ಮನುಷ್ಯನಿಗೆ ಸರಿಯಾದ ಎತ್ತರ. ನಮ್ಮ ಮಠದ ಗದ್ದುಗೆಯೇ ಇಲ್ಲಿ ಬಂದು ನಿಂತ ಹಾಗಿತ್ತು.

ನನಗೆ ಬೇರೆ ಯೋಚನೆಯೇ ಬರಲಿಲ್ಲ. ಇಲ್ಲಿ ಯಾರೋ ದೊಡ್ಡವರನ್ನು ಕುಳ್ಳಿರಿಸಿದ್ದಾರೆ ಎಂದುಕೊಂಡೆ. ಕೈ ತಾನಾಗಿ ಮುಗಿಯಿತು. ಆಮೇಲೆ ಮನಸ್ಸಿಗೆ ಚುಚ್ಚಿತು. ಹಾಗಾದರೆ ಈ ದೇಶದಲ್ಲೂ ಕುಳ್ಳಿರಿಸುತ್ತಿದ್ದರು. ಕೇಳಲು ಗೊತ್ತಿದ್ದವರಿಗೆ ಸಿಕ್ಕಿದೆ. ನಾನು ಕೇಳಲಿಲ್ಲ, ಆಗಲೆಪ್ಪಾ ಎಂದುಬಿಟ್ಟೆ.

ಮರುದಿನದಿಂದ ಕೋಟಿನ ಜೇಬಿನಲ್ಲಿ ವಿಭೂತಿ ಗಟ್ಟಿ. ಗ್ಲೌಸಿನಿಂದ ಹಿಮ ಸರಿಸಿ, ಮೂರು ಬೆರಳಿನಿಂದ ಮೂರು ಗೆರೆ ಎಳೆದು, ಒಳಗೆ ಕೂತ ಆ ಸ್ವಾಮಿಗೆ ನಮ್ಮವರ ಬಗ್ಗೆ ಎರಡು ಮಾತು ಹೇಳಿ ಬರುತ್ತಿದ್ದೆ. "ಕೆಳಗಿನ ಸಾಲಿನ್ಯಾಗ ಕಂಡಕ್ಟರ್ ಅದಾರ. ಮಲಗಿಸೀವಿ. ತಪ್ಪು ತಿಳಕೋಬ್ಯಾಡ್ರಿ, ನೀವಾರ ನೋಡಿಕೋರಿ." ಹಿಮ ಕರಗಿದರೆ ಗೆರೆ ಅಳಿಯುತ್ತಿತ್ತು, ನಾನು ಮತ್ತೆ ಎಳೆಯುತ್ತಿದ್ದೆ. ಇಡೀ ಚಳಿಗಾಲ ಹೀಗೇ ನಡೆಯಿತು. ಕೋಟಿನ ಜೇಬಿನ ಪ್ರಶ್ನೆಗೆ ಉತ್ತರ ಇದು.

ನೀನು ಗಟ್ಟಿಯನ್ನು ಹಿಡಿದು ನಿಂತ ದಿನ ಈ ಯಾವುದನ್ನೂ ಹೇಳದೆ, "ಬಾ, ತೋರಿಸ್ತೀನಿ" ಎಂದಷ್ಟೇ ಹೇಳಿ ನಿನ್ನನ್ನು ಕರೆದುಕೊಂಡು ಹೋದೆ. ನೆನಪಿದೆಯಲ್ಲ, ಇಂಚರಾ? ಅವಳಿಗಳಿಗೆ ಗೊತ್ತಿಲ್ಲ, ಅವರಿಗಾಗಿ ಬರೆಯುತ್ತೇನೆ.

ಬಿಸಿಲಿತ್ತು. ಐವತ್ತು ಡಿಗ್ರಿ ಫ್ಯಾರನ್‌ಹೀಟಿಗೇ, ಅಂದರೆ ನಮ್ಮ ಲೆಕ್ಕದ ಹತ್ತು ಡಿಗ್ರಿಗೇ, ಇಲ್ಲಿಯವರು ಅರ್ಧ ತೋಳಿನ ಅಂಗಿ ಹಾಕುತ್ತಾರೆ. ಚರ್ಚಿನ ಅಂಗಳ ಹೊಕ್ಕವಳು ನಿಂತುಬಿಟ್ಟೆ. ನನ್ನ ಗದ್ದುಗೆಯ ಮೇಲೆ ಬೆಳ್ಳಿ ಕೂದಲಿನ ದೊಡ್ಡ ಮೈಯ ಹೆಂಗಸೊಬ್ಬಳು ಕೂತಿದ್ದಳು. ಕಾಲು ತೂಗಾಡಿಸುತ್ತಿದ್ದಳು. ಬೂಟಿನ ಹಿಮ್ಮಡಿ ತೆನೆಯ ಕೆತ್ತನೆಗೆ ತಾಗುತ್ತಿತ್ತು. ಪಕ್ಕದಲ್ಲಿ ಥರ್ಮಾಸ್ ಫ್ಲಾಸ್ಕು, ಕೈಯಲ್ಲಿ ಸ್ಯಾಂಡ್‌ವಿಚ್.

"ಇಂಚರಾ, ಆಕಿಗೆ ಹೇಳು, ಅದರ ಮ್ಯಾಲೆ ಕುಂದ್ರಬಾರದು ಅಂತ."

"ಅಜ್ಜಿ, ನೋ! ಸೋ ಎಂಬ್ಯಾರಸಿಂಗ್. ನೀವೇ ಹೇಳಿ."

ಟಪಾಲು ತರುವವನಿಗೆ ಥ್ಯಾಂಕ್ಯೂ ಎಂದು ಹೇಳಲು ಬಾಗಿಲ ಹಿಂದೆ ನಿಂತು ಅಭ್ಯಾಸ ಮಾಡಿಕೊಳ್ಳುವವಳು ನಾನು. ಆವತ್ತು ಅದೆಲ್ಲಿಂದ ಧೈರ್ಯ ಬಂತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಹೋಗಿ ನಿಂತೆ.

"ಪ್ಲೀಸ್," ಎಂದೆ. "ಸ್ವಾಮಿ. ಇನ್‌ಸೈಡ್. ಸಿಟ್ಟಿಂಗ್."

ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ತಾನು ಕೂತ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಸಿಟ್ಟಿಂಗ್ ಇನ್‌ಸೈಡ್ ವಾಟ್, ಹನಿ?"

ನೀನು ನೆಲ ಬಿರಿಯಲಿ ಎಂಬಂತೆ ಕಣ್ಣು ಮುಚ್ಚಿಕೊಂಡಿದ್ದೆ. ಆದರೂ ನನ್ನ ಬೆನ್ನಿಗೆ ಬಂದು ನಿಂತು, ಗದ್ದುಗೆ, ಮಠ, ಕುಳ್ಳಿರಿಸುವುದು, ನಿನಗೆ ತಿಳಿದಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಪೂರ್ತಿ ಕೇಳಿದರು. (ಇನ್ನು ಆಕೆಗೆ ಬಹುವಚನ. ನನಗಿಂತ ಹಿರಿಯರು, ಮತ್ತು ನಗಲಿಲ್ಲ.) ಹೆಸರು ಮಾರ್ಗರೆಟ್. ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಟ್ಟು ಕೆಳಗಿಳಿದು, ನನ್ನ ತೋಳು ಹಿಡಿದು ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಚಪ್ಪಡಿಯ ಮೂಲೆ ಒಡೆದಿತ್ತು. ನಿನ್ನ ಫೋನಿನ ಬೆಳಕು ಹಾಕಿಸಿದರು. ನಾನು ಬಗ್ಗಿ ನೋಡಿದೆ.

ಒಣಗಿದ ಎಲೆ. ಓಕ್ ಕಾಯಿಯ ಸಿಪ್ಪೆಯ ರಾಶಿ. ಒಂದು ಸಣ್ಣ ಗೆರೆಯಳಿಲು ನಮ್ಮನ್ನು ಬೈದು ಓಡಿತು. ಮತ್ತೇನೂ ಇರಲಿಲ್ಲ. ಒಳಗೆಲ್ಲ ಖಾಲಿ.

"ಶಿ ಸೇಸ್ ಅದು ಬರೀ ಕವರ್ ಥರ ಅಂತೆ," ನೀನು ಹೇಳಿದೆ. "ಯಾರೂ ಒಳಗಿಲ್ಲ. ಹಿ ಈಸ್ ವೇ ಡೌನ್. ಮಲ್ಕೊಂಡಿದಾರಂತೆ, ಅಜ್ಜನ ಥರಾನೇ."

ಇಡೀ ಚಳಿಗಾಲ ನಾನು ಅಳಿಲಿಗೆ ವಿಭೂತಿ ಹಚ್ಚಿದ್ದೆ. ನಮ್ಮವರ ಕಷ್ಟಸುಖವನ್ನೆಲ್ಲ ಅಳಿಲಿಗೆ ಒಪ್ಪಿಸಿದ್ದೆ. ನಗು ಬರಬೇಕಿತ್ತು. ಬರಲಿಲ್ಲ. ಕೂತವರೊಬ್ಬರಾದರೂ ಇದ್ದಾರೆ ಎಂದುಕೊಂಡಿದ್ದೆನಲ್ಲ, ಅವರೂ ಎದ್ದು ಹೋದಂತಾಯಿತು.

ಅಷ್ಟರಲ್ಲಿ ಮಾರ್ಗರೆಟ್ ಮೇಲಿನ ಚಪ್ಪಡಿಯಲ್ಲಿ ಮಾಸಿದ ನನ್ನ ಗೆರೆಗಳ ಮೇಲೆ ಬೆರಳಾಡಿಸಿ, ನನ್ನ ಹಣೆಯ ವಿಭೂತಿ ನೋಡಿ, "ಸೋ ಯೂ ಆರ್ ದ ಚಾಕ್!" ಎಂದು ಜೋರಾಗಿ ನಕ್ಕರು. ಯಾವ ಪುಂಡ ಮಕ್ಕಳು ಪ್ರತಿ ವಾರ ಬಂದು ಅಷ್ಟು ನೇರವಾಗಿ ಮೂರೇ ಗೆರೆ ಎಳೆದು ಹೋಗುತ್ತಾರೆಂದು ಅವರು ತಲೆ ಕೆಡಿಸಿಕೊಂಡಿದ್ದರಂತೆ. ಮಳೆಗೆ ಹೋಗುತ್ತದೆ, ಚಿಂತೆಯಿಲ್ಲ ಎಂದರು. ಆಮೇಲೆ ಮತ್ತೆ ಹತ್ತಿ ಕೂತು, ಪಕ್ಕದ ಕಲ್ಲನ್ನು ಅಂಗೈಯಿಂದ ತಟ್ಟಿದರು. ಕೂಡು ಎಂದು.

ನಾನು ಅನುಮಾನಿಸಿದೆ. ಆಗ ಸೀಗಿ ಹುಣ್ಣಿಮೆ ನೆನಪಾಯಿತು. ಆ ದಿನ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಜ್ಜಿಯ ದಿಬ್ಬದ ಮೇಲೊಂದು ಕಡುಬು ಇಟ್ಟು, ಅವಳನ್ನೇ ಒರಗಿ ಕೂತು ಉಣ್ಣುತ್ತಿದ್ದೆವು. ಎಣ್ಣೆ ಕೈಯನ್ನು ಅವಳ ದಿಬ್ಬಕ್ಕೇ ಒರೆಸಿ ಬೈಸಿಕೊಂಡವಳು ನಾನು. ಈಗ ಪರದೇಶದ ಮುದುಕಿಯ ಸ್ಯಾಂಡ್‌ವಿಚ್ಚಿಗೆ ಮಡಿ ಕಲಿಸಲು ಬಂದಿದ್ದೆ! ಹತ್ತಿ ಕೂತೆ. ಅವರು ಅರ್ಧ ಮುರಿದು ಕೊಟ್ಟರು. ಸೌತೆಕಾಯಿ ಮತ್ತು ಚೀಸು.

"ಅಜ್ಜಿ! ಯೂ ಆರ್ ಈಟಿಂಗ್ ಆನ್ ಎ ಗ್ರೇವ್!"

"ನಮ್ಮೂರಾಗ ವರ್ಷಾ ವರ್ಷಾ ತಿಂತಿದ್ವಿ. ನೀನೂ ಬಾ, ಕುಂದ್ರು."

ಕೆಳಗಿರುವವರು ಮಾರ್ಗರೆಟ್ ಅವರ ಅಜ್ಜನ ಅಜ್ಜನಿಗೂ ಹಿಂದಿನವರು. ಇಂಗ್ಲೆಂಡಿನ ಒಂದು ಹಳ್ಳಿಯಿಂದ ಬಂದು ಇಲ್ಲಿ ಕಾಡು ಕಡಿದು ಗೋಧಿ ಬೆಳೆದರಂತೆ. ಆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಹಿರಿಯರ ಮೇಲೆಲ್ಲ ಇಂಥ ಕಲ್ಲಿನ ಪೆಟ್ಟಿಗೆಗಳಿದ್ದವು. ಇಲ್ಲಿ ಅವರು ಸತ್ತಾಗ ಮಕ್ಕಳು, ಅಪ್ಪನನ್ನು ಅಷ್ಟು ದೂರ ಒಯ್ಯುವುದಂತೂ ಆಗದು, ಆ ಪೆಟ್ಟಿಗೆಯನ್ನಾದರೂ ಇಲ್ಲಿ ಮಾಡೋಣ ಎಂದು ನೆನಪಿನಿಂದ ಹೇಳಿ ಕೆತ್ತಿಸಿದರಂತೆ. ಊರಿನ ಮಣ್ಣು ಸಿಗಲಿಲ್ಲ, ಊರಿನ ಆಕಾರ ಉಳಿಸಿಕೊಂಡರು. ನೀನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಇದನ್ನು ಹೇಳುತ್ತಿದ್ದರೆ ನನ್ನ ಕೈ ಕಲ್ಲಿನ ಅಂಚನ್ನು ಸವರುತ್ತಿತ್ತು. ಒಳಗೆ ಖಾಲಿ ಎಂಬುದು ಆಗ ಅಷ್ಟು ಕೆಟ್ಟದಾಗಿ ಕಾಣಲಿಲ್ಲ.

ಇನ್ನೊಂದು ಮಾತನ್ನೂ ಆಕೆ ಹೇಳಿದರು. ಇಲ್ಲಿ ಎಲ್ಲರನ್ನೂ ಕಾಲು ಪೂರ್ವಕ್ಕೆ ಮಾಡಿ ಮಲಗಿಸುತ್ತಾರಂತೆ. ದೇವರು ಕರೆದ ದಿನ ಎದ್ದು ಕೂತರೆ ಎದುರಿಗೆ ಸೂರ್ಯ ಹುಟ್ಟುತ್ತಿರಬೇಕು ಎಂದು.

"ಎದ್ದು ಕುಂದ್ರತಾರಂತೇನು?" ಎಂದು ನಾನು ಮತ್ತೆ ಕೇಳಿದೆ.

"ಯಾ. ದೇ ಸಿಟ್ ಅಪ್," ನೀನು ಹೇಳಿದೆ.

"ನಿಮ್ಮ ಅಜ್ಜಂದು ಕೇಳು. ಅವರ ಕಾಲು ಯಾವ ಕಡೆ?"

ಮಾರ್ಗರೆಟ್ ಇಳಿದು, ನಮ್ಮ ಜೊತೆ ಇಳಿಜಾರಿಗೆ ಬಂದು, ಕಬ್ಬಿಣದ ಕಡ್ಡಿಯ ಬಳಿ ನಿಂತು, ಅಲ್ಲಿಂದ ಪೂರ್ವಕ್ಕೆ ಕೈ ಚಾಚಿದರು. "ಹಿಮ್ ಟೂ," ಎಂದರು.

ನಾನು ಅದನ್ನು ನಂಬಿದೆ ಎಂದು ತಿಳಿಯಬೇಡಿ. ನಮ್ಮಲ್ಲಿ ಮತ್ತೆ ಏಳುವುದು ಎಂಬುದಿಲ್ಲ. ಹೋದವರು ಲಿಂಗದಲ್ಲಿ ಒಂದಾದರು, ಅಲ್ಲಿಗೆ ಮುಗಿಯಿತು. ಆದರೆ ಸುತ್ತಲಿನವರೆಲ್ಲ ಕೂಡುವ ಸರದಿಗಾಗಿ ಮಲಗಿದ್ದಾರೆ, ಅವರ ನಡುವೆ ನಮ್ಮವರೂ ಇದ್ದಾರೆ ಎಂದು ತಿಳಿದಾಗ, ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಗುರುತಿನವರ ಜೊತೆ ಬಿಟ್ಟು ಬಂದಷ್ಟು ಸಮಾಧಾನವಾಯಿತು.

ಆ ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಬಸು ಬಂದು ಬಿಸಿ ರೊಟ್ಟಿಗೆ ಕೈ ಹಾಕಿದ. ಅವನು ನಿಂತೇ ತಿನ್ನುತ್ತಾನೆ, ಯಾರ ಬುದ್ಧಿ ಎಂದು ಹೇಳಬೇಕಿಲ್ಲ.

"ಬಸೂ, ಆ ಕಲ್ಲಿನ ಪುಸ್ತಕ ತಾ."

ರೊಟ್ಟಿ ಅವನ ಬಾಯಲ್ಲೇ ಉಳಿಯಿತು. ಸ್ಮಿತಾ ಓಡಿಹೋಗಿ ತಂದಳು. ಪುಸ್ತಕದ ಕೊನೆಯಲ್ಲಿ ಒಂದು ಹಾಳೆಯಿದೆಯೆಂದು ನನಗೆ ನೆನಪಿತ್ತು. ಪಾರ್ಕಿನ ಸಾಮಾನು ತಪ್ಪಿ ಇದರಲ್ಲಿ ಸೇರಿದೆ ಎಂದು ಹಿಂದೆ ಮಗುಚಿ ಹಾಕಿದ್ದ ಹಾಳೆ. ಎರಡು ಕಲ್ಲಿನ ಕಾಲು, ಮೇಲೊಂದು ಉದ್ದನೆಯ ಹಲಗೆ ಕಲ್ಲು, ಅಂಚಿನಲ್ಲಿ ಹೆಸರು.

"ಇದು ನಮ್ಮ ಜಾಗದಾಗ ಇಡಾಕ ಬರತೈತೇ?"

"ಬೆಂಚಾ?" ಸ್ಮಿತಾ ಸಣ್ಣ ಅಕ್ಷರ ಓದಿದಳು. "ಬರುತ್ತೆ ಅತ್ತೆ. ಸ್ಮಶಾನದವ್ರ ಪರ್ಮಿಷನ್ ತಗೊಂಡ್ರೆ ಇಡಬಹುದು ಅಂತ ಬರ್ದಿದೆ. ಆದ್ರೆ ಬೆಂಚ್ ಯಾಕೆ?"

ಆಗ ಎರಡು ವರ್ಷದಿಂದ ಗಂಟಲಲ್ಲಿದ್ದದ್ದು ಹೊರಗೆ ಬಂತು. ಹಿಟ್ಟಿನ ಕೈಯಲ್ಲೇ ಹೇಳಿದೆ. "ಅವರಿಗೆ ಕುಂದ್ರಾಕ ಆಗಲಿಲ್ಲ. ಅವರನ್ನ ನೋಡಾಕ ಬಂದವರಾದ್ರೂ ಕುಂದ್ರಲಿ."

ಬಸು ಉಳಿದ ರೊಟ್ಟಿಯನ್ನು ತಾಟಿಗಿಟ್ಟ. ಆಮೇಲೆ, "ನನಗೂ ಅದ ಮನಸಿಗೆ ಹತ್ತಿತ್ತವ್ವಾ," ಎಂದ. "ಅವತ್ತು ನೀ ಆಗಲೆಪ್ಪಾ ಅಂದಿ. ನಿನಗ ಅಷ್ಟು ಹತ್ತಿಲ್ಲ ಅನ್ಕೊಂಡು ನಾ ಸುಮ್ಮನಾದೆ." ಒಂದೇ ಮನೆಯಲ್ಲಿ ಒಂದೇ ಮುಳ್ಳನ್ನು ಇಬ್ಬರೂ ಬೇರೆ ಬೇರೆ ಕಾಲಿಗೆ ಚುಚ್ಚಿಕೊಂಡು ನಡೆದಿದ್ದೆವು. ನೋಡಿ ಮಕ್ಕಳೇ, ಮಾತಾಡದ ಅಜ್ಜಿಯಿಂದ ಇಷ್ಟೊಂದು ತೊಂದರೆ.

ತವದ ಮೇಲಿನ ರೊಟ್ಟಿ ಸೀದುಹೋಯಿತು. ಅದನ್ನು ತೆಗೆದಿಡುತ್ತ ಬಸು ಹೆದರಿ ಹೆದರಿ ಕೇಳಿದ. "ಮತ್ತ... ಹೆಸರು? ಅಪ್ಪಂದು ಒಂದ ಹಾಕ್ಸೂದೋ...?"

"ನಂದೂ ಹಾಕ್ಸು. ಸೀಟಿನ ಮ್ಯಾಲೆ ಟವೆಲ್ ಒಗದಂಗ ಆತು. ಟಿಕೀಟು ಮಾತ್ರ ಈಗ ತಗಸಬ್ಯಾಡ, ನನಗೇನು ಅವಸರ ಇಲ್ಲ."

ಸ್ಮಿತಾ ನಗುತ್ತಲೇ ಕಣ್ಣೊರೆಸಿಕೊಂಡಳು. ಮೈಸೂರಿನವಳಾದರೂ ಟವೆಲ್ಲಿನ ಮಾತು ಅವಳಿಗೂ ಗೊತ್ತು. ಆ ವಿಷಯದಲ್ಲಿ ಕರ್ನಾಟಕ ಎಲ್ಲ ಒಂದೇ.

ಬೆಂಚು ಬಂದದ್ದು ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ. ಅಂಚಿನಲ್ಲಿ ಎರಡು ಹೆಸರಿದೆ. ನನ್ನದರ ಮುಂದೆ ಜಾಗ ಖಾಲಿ. ಅವರ ಹೆಸರನ್ನು ನಾನು ಇವತ್ತಿಗೂ ಬಾಯಿಂದ ಹೇಳುವುದಿಲ್ಲ, ಬರೆಯುವುದಕ್ಕೂ ಕೈ ಬರುವುದಿಲ್ಲ. ನೀವೇ ಹೋಗಿ ಓದಿಕೊಳ್ಳಿ. ಕಾಲು ಪೂರ್ವಕ್ಕೆ ಇರುವುದರಿಂದ ಬೆಂಚಿನ ಮುಖವೂ ಪೂರ್ವಕ್ಕೇ ಇದೆ.

ಮೊದಲ ದಿನ ನಾನೊಬ್ಬಳೇ ಹೋಗಿ ಮೂರು ಬೆರಳಿನ ಗೆರೆ ಎಳೆದು ಕೂತೆ. ನನ್ನ ಹೆಸರಿನ ಮೇಲೆ ಕೂತು, ಅವರ ಹೆಸರಿನ ಮೇಲಿನ ಜಾಗ ಬಿಟ್ಟಿದ್ದೆ. ಹೆಣ್ಣುಮಕ್ಕಳ ಸೀಟಿನಲ್ಲಿ ಅವರು ಕೂಡುತ್ತಿರಲಿಲ್ಲ, ಆದರೂ ಬಿಟ್ಟಿದ್ದೆ.

ಅದರ ಮುಂದಿನ ಶನಿವಾರ ನೇಪರ್‌ವಿಲ್ಲಿನಿಂದ ಅವಳಿಗಳು ಬಂದಿರಿ. ಮೂವರೂ ಇಳಿಜಾರಿನಲ್ಲಿ ಓಡಿ ಬಂದು ನಾನು ಕೂತಿದ್ದ ಬೆಂಚಿನ ಮುಂದೆ ಥಟ್ಟನೆ ನಿಂತಿರಿ. ನನ್ನ ಪಕ್ಕದ ಖಾಲಿ ಜಾಗ ಕಂಡಿತು, ಅದು ಯಾರದೆಂದೂ ಗೊತ್ತಾಯಿತು. ಯಾರೂ ಕೂಡಲಿಲ್ಲ. ಇಂಚರಾ, ನೀನು ಮೆಲ್ಲಗೆ ಕೇಳಿದೆ, "ಅಜ್ಜಿ, ಅದು ಅಜ್ಜನ ಸೀಟಾ?"

ಹೌದು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ನಾಲ್ಕು ಮಂದಿಯ ಸೀಟಿನಲ್ಲಿ ಒಬ್ಬಳೇ ಕೂತು, ಮಕ್ಕಳನ್ನು ನಿಲ್ಲಿಸಿಕೊಂಡಿದ್ದೇನೆ. ಅವರು ನೋಡಿದ್ದರೆ ಬಿಡುತ್ತಿದ್ದರೇ? ಟಿಕೀಟಿನ ಕಟ್ಟನ್ನು ಸೀಟಿನ ಬೆನ್ನಿಗೆ ಬಡಿದು ಅವರು ಹೇಳುತ್ತಿದ್ದುದನ್ನು ನಾನು ನಿಮ್ಮೆದುರಿಗೆ, ಅವರದೇ ದನಿಯಲ್ಲಿ, ಜೋರಾಗಿ ಹೇಳಿದೆ.

"ಸರೀರಿ, ಸರೀರಿ, ಒಳಗ ಸರೀರಿ! ಹುಡುಗರು ಕುಂದ್ರಲಿ!"

ಹೇಳಿ, ನಾನೇ ಸರಿದೆ.